ಗೋಡೆಯಾಚೆಯ ರೇಡಿಯೊ

ಅಂದು ಬೆಳಿಗ್ಗೆ ಮೋರಟಗಿಯಲ್ಲಿ ಎದುರುಮನೆಯ ಬೇವಿನ ಮರವೂ ಕಾಣದಷ್ಟು ಮಂಜು. ರಾತ್ರಿ ಕುರಿಹಟ್ಟಿ ಕಾದು ಬಂದ ಚಂದಪ್ಪ ಕಂಬಳಿಯ ಇಬ್ಬನಿ ಕೊಡವಿ ಹೊಸ್ತಿಲಿಗೆ ಕಾಲಿಟ್ಟ. ಗೋಡೆಯಾಚೆ, ತಮ್ಮ ಧೂಳಪ್ಪನ ಮನೆಯಲ್ಲಿ ಹಾಡುತ್ತಿದ್ದ ರೇಡಿಯೊ ಅರ್ಧ ಸಾಲಿಗೇ ಬಾಯಿ ಮುಚ್ಚಿತು.

“ಬಂದ್ಯಾ, ಚಂದೂ?” ಮೂಲೆಯ ಹೊರಸಿನ ಮೇಲೆ ಕೌದಿ ಹೊದ್ದು ಮಲಗಿದ್ದ ತಾಯಿ ರಾಮವ್ವ ಕೇಳಿದಳು. ಅವಳ ಕಣ್ಣು ಹೋಗಿ ಮೂರು ವರ್ಷ.

ಚಂದಪ್ಪ ಕಂಬಳಿಯನ್ನು ನೆಲಕ್ಕೆ ಒಗೆದ. ಕುರಿ ಮೇಯಿಸಿಕೊಂಡು ಹೊಳೆದಂಡೆಯಿಂದ ಮರಳಿದಂದಿನಿಂದ, ಅಂದರೆ ತಿಂಗಳಿನಿಂದ, ಇದೇ ಆಟ. ಅವನು ಒಳಗೆ ಬಂದರೆ ರೇಡಿಯೊ ಬಂದ್. ಓಣಿಯ ತಿರುವು ದಾಟಿದರೆ ಮತ್ತೆ ಹಾಡು.

ಮನೆ ಪಾಲಾದಾಗ ನಡುವೆ ಗೋಡೆ ಎದ್ದಿತ್ತು. ಇಬ್ಬರೂ ಉಣ್ಣೆ ಮಾರಿ ಕೊಂಡ ರೇಡಿಯೊ ತಮ್ಮನಿಗೆ. ತಾಯಿ ಮಾತ್ರ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬರಲ್ಲಿ. “ಅವ್ವ ಎಲ್ಲಿದ್ರೂ ಆಕಿಗೆ ಹಾಡು ಕೇಳಸ್ತೇನಿ,” ಎಂದು ಧೂಳಪ್ಪ ದೇವರ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ್ದ. ಅದೇ ಕೈ ಈಗ ಅಣ್ಣನಿಗೆ ಒಂದು ಸಾಲು ಹಾಡೂ ದಕ್ಕಬಾರದೆಂದು ಕಾವಲು ಕೂತಿದೆ! ಸಿಂದಗಿಯ ರಿಪೇರಿ ಅಂಗಡಿಯ ಕಾಸಿಂಸಾಬ ಬಂದು ರೇಡಿಯೊಗೆ ಅದೇನೋ ವೈರು ಜೋಡಿಸಿ ಹೋದನೆಂದು ಓಣಿಯವರು ಹೇಳಿದ್ದರು. ಅಣಕಿಸಲಿಕ್ಕೆ ಅಷ್ಟು ಸಿದ್ಧತೆ.

ಅಮಾವಾಸ್ಯೆ ಕಳೆದರೂ ಚಂದಪ್ಪ ತಾಯಿಯನ್ನು ಕಳಿಸಲಿಲ್ಲ. ಚಳಿ ಇಳಿಯಲಿ ಎಂದು ಅವಳಿಗೆ ನೆಪ ಹೇಳಿದ್ದ. ಹೊರಸಿನ ಬಳಿ ಗೋಡೆಗೆ ಹೊಸಮಣ್ಣು ಮೆತ್ತಿತ್ತು. ಇಲಿ ಕೊರೆದಿತ್ತೆಂದು ಅವಳೂ ಏನೋ ಹೇಳಿದ್ದಳು.

ಬಾಗಿಲಲ್ಲಿ ಧೂಳಪ್ಪ ಕಾಣಿಸಿಕೊಂಡ. “ಯಣ್ಣಾ, ಅವ್ವನ್ನ ಕಳಸು. ನನ್ನ ಪಾಳಿ ಬಂದು ಮೂರು ದಿನ ಆತು.”

“ಪಾಳಿ ಅಂತ ಪಾಳಿ! ಭಂಡಾರ ಮುಟ್ಟಿದಾಂವ, ನಾಚಿಕಿ ಬರೂದಿಲ್ಲೇನು? ನಾ ಕಾಲಿಟ್ಟೆ ಅಂದ್ರ ರೇಡಿಯೊದ ಕಿವಿ ತಿರುವತಿ.”

ಧೂಳಪ್ಪನ ಕಣ್ಣು ಹೊರಸಿನತ್ತ ಹೋಗಿ ಬಂತು. “ನಾ ಕೈ ಹಚ್ಚಿಲ್ಲ.”

“ಹಂಗಾದ್ರ ನಿನ್ನ ಹೇಣ್ತಿ ತಿರುವತಾಳ!”

“ತಿಪ್ಪವ್ವ ತವರಿಗೆ ಹೋಗಿ ಎಂಟು ದಿನ ಆತು. ಮನಿಗೆ ಕೀಲಿ ಹಾಕೇನಿ, ನೋಡು.”

“ಮತ್ತ ದೆವ್ವ ಆರಸ್ತೈತೇನಲೇ?” ಚಂದಪ್ಪ ತಮ್ಮನ ಎರಡೂ ಮುಂಗೈ ಹಿಡಿದ.

ಕೀಲಿ ಹಾಕಿದ ಮನೆಯಲ್ಲಿ ರೇಡಿಯೊ ಹಾಡತೊಡಗಿತು. ನಿಂತಿತು. ಮತ್ತೆ ಹಾಡಿತು.

ಚಂದಪ್ಪ ತಿರುಗಿದ. ಸದಾ ಕೌದಿಯೊಳಗೇ ಇರುತ್ತಿದ್ದ ತಾಯಿಯ ಬಲಗೈ ಹೊರಬಂದಿತ್ತು. ಮುಷ್ಟಿಯಲ್ಲಿ ಒಂದು ಸ್ವಿಚ್ಚು. ಅದರ ವೈರು ಹೊಸಮಣ್ಣು ಮೆತ್ತಿದ ಗೋಡೆಯೊಳಗೆ ಹೋಗಿತ್ತು.

“ಅವನಿಗೆ ಬೈಬ್ಯಾಡೋ. ಇಲ್ಲಿದ್ರೂ ನಾ ಹಾಡು ಕೇಳಲಿ ಅಂತ ಅವನ ಈ ವೈರು ಹಾಕಿಸ್ಯಾನ. ತಮ್ಮನ ಉಪಕಾರ ಬ್ಯಾಡಂತ ನೀ ಕಿತ್ತೊಗೀತಿ ಅಂತ ನಾನ ಹೇಳಬ್ಯಾಡ ಅಂದಿದ್ದೆ,” ಎಂದಳು ರಾಮವ್ವ. “ನೀ ಬಂದ ಮ್ಯಾಲೆ ಹಾಡು ಯಾಕ ಬೇಕು? ನಿನ್ನ ಹೆಜ್ಜಿ ಸಪ್ಪಳ ಕೇಳಲಿ ಅಂತ ಆರಸ್ತಿದ್ದೆ.”

ಚಂದಪ್ಪ ಕೌದಿ ಮಡಚಿದ. ತಾಯಿಯನ್ನು ಎತ್ತಿ ತಮ್ಮನ ತೋಳಿಗೆ ಕೊಟ್ಟ.