ಹೊರಗಿನ ಚಿಲಕ

"ಹುಲಿ ತೋರಿಸ್ತೀನಿ ಬಾರಮ್ಮ" ಅಂತ ಮಗ ಚೆನ್ನಾಜಮ್ಮನವರನ್ನು ಊರಿಂದ ಕರೆಸಿಕೊಂಡಿದ್ದ. ಕಾಡಿಗೆ ಬಂದಮೇಲೆ ಗೊತ್ತಾಯಿತು, ಸಫಾರಿ ಜೀಪಿಗೆ ಚಿಕ್ಕ ಮಕ್ಕಳನ್ನು ಹತ್ತಿಸುವುದಿಲ್ಲವಂತೆ. ಗಂಡ, ಮಗ, ಸೊಸೆ ಹೊರಟರು. ಹೊಳೆದಂಡೆಯ ಕೋಣೆಯಲ್ಲಿ ಮೊಮ್ಮಗಳ ಜೊತೆ ಚೆನ್ನಾಜಮ್ಮ ಉಳಿದರು. ಕೋತಿಗಳು ನುಗ್ಗುತ್ತವೆಂದು ಹೊರಗಿನಿಂದ ಚಿಲಕ ಬೇರೆ. ಹುಲಿ ನೋಡಲು ಬಂದವರು ತಾವೇ ಬೋನಿಗೆ ಬಿದ್ದಂತಾಯಿತು.

ಹೋದವರು ಸಂಜೆ ಧೂಳು ಮೆತ್ತಿಕೊಂಡು ಬಂದರು.

"ಬರೀ ಜಿಂಕೆ!" ಎಂದರು ಯಜಮಾನರು.

ಮಗನಿಗೆ ಪಾಪ ಅನಿಸಿತು. "ನಾಳೆ ನೀನು ಹೋಗಮ್ಮ. ಮಗೂನ ನಾನು ನೋಡ್ಕೋತೀನಿ."

"ನನ್ನ ಹಣೇಲಿ ಬರೆದಿದ್ದೇ ಇಷ್ಟು ಬಿಡಪ್ಪ. ನೀವೇ ಹೋಗ್ಬನ್ನಿ."



ಮರುದಿನ ಚಿಲಕ ಬಿದ್ದದ್ದೇ ತಡ, ಚೆನ್ನಾಜಮ್ಮ ಕುರ್ಚಿಯನ್ನು ಕಿಟಕಿಗೆ ಎಳೆದುಕೊಂಡರು.

"ಸದ್ದು ಮಾಡ್ಬೇಡ ಪುಟ್ಟಿ. ನಿನ್ನೆ ಬಂದಿದ್ದ ಹುಲಿ ತನ್ನ ಮರಿಗಳನ್ನ ಕರ್ಕೊಂಡು ನೀರಿಗೆ ಬರೋ ಹೊತ್ತಾಯ್ತು."