ಹಿಂದೆ ನಿಂತು ನೋಡು

ಹಳೇ ಕಾರಿನ ಬ್ರೇಕ್ ದೀಪಗಳಿಗೆ ಅವನು ತಾನೇ ಕೂತು ಎಲ್‌ಇಡಿ ಬಲ್ಬು ಹಾಕಿದ. "ಇದ್ದ ಬಲ್ಬು ಚೆನ್ನಾಗೇ ಉರೀತಿತ್ತಲ್ಲ" ಎಂದಳು ಹೆಂಡತಿ. ಅಷ್ಟಕ್ಕೇ ದೊಡ್ಡ ಜಗಳವಾಗಿ, ಅವಳು ಬ್ಯಾಗು ಹಿಡಿದು ತವರಿನ ಬಸ್ಸಿಗೆ ಹೊರಟು ನಿಂತಳು. ಹೋಗಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಲೇ, ಹೋಗೋ ಮುಂಚೆ ಕಾರಿನ ಹಿಂದೆ ನಿಂತು ದೀಪ ಹತ್ತುತ್ತಾ ನೋಡಿ ಹೇಳು" ಎಂದ.

ಅವಳು ಕತ್ತಲು ಷೆಡ್ಡಿನೊಳಗೆ ಹೋಗಿ, ಕಾರಿನ ಹಿಂದೆ ಗೋಡೆಗೊರಗಿ ನಿಂತಳು. ಅವನು ಬ್ರೇಕ್ ಒತ್ತಿದ.

"ಹತ್ತಲಿಲ್ಲ."

"ಈ ಬಲ್ಬು ಉಲ್ಟಾ ಹಾಕಿದ್ರೆ ಹತ್ತಲ್ಲ. ತಿರುಗಿಸಿ ಹಾಕಬೇಕು."

"ಥೇಟ್ ನಿಮ್ಮ ಹಾಗೇ."

ಅವನು ಹಲ್ಲು ಕಚ್ಚಿಕೊಂಡು ಡಿಕ್ಕಿ ತೆರೆದ. ಬಲ್ಬುಗಳನ್ನು ತಿರುಗಿಸಿ ಹಾಕಿ, ಡಿಕ್ಕಿ ಮುಚ್ಚಿ, ಸೀಟಿಗೆ ಬಂದು ಮತ್ತೆ ಒತ್ತಿದ.

"ಈಗ?"

"ಇಲ್ಲ."

"ಸರಿಯಾಗಿ ನೋಡೇ!"

"ನೀವು ಸರಿಯಾಗಿ ಒತ್ರೀ. ಕ್ಲಚ್ ಮೇಲೆ ಕಾಲಿಟ್ಕೊಂಡು ನನ್ನ ಮೇಲೆ ರೇಗಬೇಡಿ."

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

"ನಿನ್ನ ಬಸ್ಸು ಬಂತು" ಎಂದ.

"ಬರಲಿ ಬಿಡಿ. ಇದನ್ನ ಹೀಗೇ ಬಿಟ್ಟು ಹೆಂಗೆ ಹೋಗ್ಲಿ?"

ಬಸ್ಸು ನಿಂತು, ಹೊರಟು ಹೋದ ಸದ್ದು ಕೇಳಿತು. ಅವನು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ. ಅವಳ ತಿಳಿಹಳದಿ ಸೀರೆ, ಕೈಯ ಬ್ಯಾಗು, ಹಿಂದಿನ ಸುಣ್ಣದ ಗೋಡೆ, ಎಲ್ಲವೂ ಕೆಂಪಗೆ ಬೆಳಗುತ್ತಿದ್ದವು.

ಬ್ರೇಕಿನ ಮೇಲಿನ ಕಾಲು ತೆಗೆಯದೆ ಅವನೆಂದ: "ಹೌದು ಕಣೇ, ಹತ್ತಿಲ್ಲ. ಇನ್ನೊಂದ್ಸಲ ಬಿಚ್ಚಿ ಹಾಕ್ತೀನಿ, ಅಲ್ಲೇ ನಿಂತಿರು."