ವಕಾಲತ್ತಿನ ಮೇಲೆ ಶಾಸಕರ ಸಹಿ

ಹಸಿರು ಶಾಯಿ ಕಂಡರೆ ಈಗಲೂ ಬೈಲಹೊಂಗಲದ ನಮ್ಮ ಪಡಸಾಲೆ ನೆನಪಾಗುತ್ತದೆ. ವಕೀಲರಾಗಿದ್ದ ಅಪ್ಪ ಒಂದೂವರೆ ವರ್ಷ ಶಾಸಕರಾಗಿದ್ದು, ಮಧ್ಯಂತರ ಚುನಾವಣೆಯಲ್ಲಿ ಸೋತು ಮತ್ತೆ ವಕೀಲಿಕೆಗೆ ಕುಳಿತಿದ್ದರು. ಎರಡು ತಿಂಗಳಾದರೂ ಒಬ್ಬ ಕಕ್ಷಿದಾರನೂ ಬಂದಿರಲಿಲ್ಲ. ಆ ಮಧ್ಯಾಹ್ನ ಸಂಪಗಾಂವದ ನೀಲವ್ವ ಹೊಲದ ಬದುವಿನ ತಕರಾರು ಹೊತ್ತು ಬಂದಾಗ ಅವ್ವ ಚಹಾಕ್ಕೆ ಎರಡು ಚಮಚ ಸಕ್ಕರೆ ಹೆಚ್ಚೇ ಹಾಕಿದಳು. ಅಪ್ಪನೇ ತನ್ನ ವಕೀಲರೆಂದು ಒಪ್ಪುವ ವಕಾಲತ್ತುಪತ್ರಕ್ಕೆ ನೀಲವ್ವ ಹೆಬ್ಬೆಟ್ಟು ಒತ್ತಿದಳು. ಅಪ್ಪ, ಶಾಸಕರಾಗಿದ್ದಾಗ ಜನರ ಅರ್ಜಿಗಳ ಮೇಲೆ ಅಧಿಕಾರಿಗಳಿಗೆ ಬರೆಯುತ್ತಿದ್ದ ರೂಢಿಯಲ್ಲಿ, ಅದರ ಅಂಚಿಗೆ ‘ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಹಸಿರು ಶಾಯಿಯಲ್ಲಿ ಬರೆದು, ಸಹಿ ಹಾಕಿ, ಅವಳ ಕೈಗೇ ಕೊಟ್ಟರು.

“ಇದನ್ನ ಯಾರಿಗೆ ಒಯ್ದು ಕೊಡ್ಲಿರಿ, ಸಾಹೇಬ್ರ?”

ಒಳಗಿನಿಂದ ಅವ್ವ ಕೂಗಿದಳು: “ಅಲ್ಲೇ ಕುಂತಾರಲ್ಲ ನೀಲಕ್ಕ, ಅವರಿಗೇ ಕೊಡು. ಈಗ ಕ್ರಮ ತಗೋಳವ್ರು ಅವರ!”

ನೀಲವ್ವ ನಕ್ಕು, ಅಪ್ಪ ತೆಗೆದಿಟ್ಟ ಹೊಸ ವಕಾಲತ್ತುಪತ್ರಕ್ಕೆ ಮತ್ತೆ ಹೆಬ್ಬೆರಳು ಚಾಚಿದಳು.